ಆಟಕ್ಕುಂಟು, ಲೆಕ್ಕಕ್ಕಿಲ್ಲ: ಮುಕ್ತ ಮಾರುಕಟ್ಟೆಯಿಂದ ಗಾಳಿ, ನೀರು ಶುಚಿಯಾಗುತ್ತವೆಯೇ?

2026ರ ಜನವರಿ 1ರಿಂದ ಯುರೋಪ್ ಒಕ್ಕೂಟದ ಗಡಿಯಲ್ಲಿ ಹೊಸದೊಂದು ಲೆಕ್ಕ ಶುರುವಾಗಿದೆ. ಹೊರಗಿನಿಂದ ಬರುವ ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ ಮುಂತಾದ ಸರಕಿಗೆ ತೂಕ ಎಷ್ಟು, ಬೆಲೆ ಎಷ್ಟು ಎಂದು ಹೇಳಿದರೆ ಸಾಲದು. ಅದನ್ನು ತಯಾರಿಸುವಾಗ ಎಷ್ಟು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿತು ಎಂಬುದನ್ನೂ ಬರೆದು ತೋರಿಸಬೇಕು. ಆ ಇಂಗಾಲಕ್ಕೆ ತಕ್ಕ ಹಣವನ್ನು ಆಮದು ಮಾಡಿಕೊಳ್ಳುವವರು ತೆರಬೇಕು. ಇಷ್ಟು ಕಾಲ ಚಿಮಣಿಯಿಂದ ಹೊರಬಿದ್ದು ಗಾಳಿಯಲ್ಲಿ ಕರಗಿಹೋಗುತ್ತಿದ್ದ ಹೊಗೆ ಈಗ ಸರಕಿನ ಕಾಗದಪತ್ರದಲ್ಲಿ ಒಂದು ಅಂಕಣವಾಗಿ ಕುಳಿತಿದೆ.

ಇದರ ಹಿಂದೆಯೇ ಹಳೆಯ ವಾದವೊಂದು ಮತ್ತೆ ಎದ್ದಿದೆ. ವ್ಯಾಪಾರವನ್ನು ಅದರ ಪಾಡಿಗೆ ಬಿಡಿ, ದೇಶಗಳು ಸಿರಿವಂತವಾಗಲಿ, ಸಿರಿ ಬಂದ ಮೇಲೆ ಶುಚಿ ತಾನಾಗಿ ಬರುತ್ತದೆ ಎನ್ನುವವರು ಒಂದು ಕಡೆ. ನದಿಯನ್ನು ಕೆಡಿಸಿದ್ದೇ ಲಾಭದ ಹಸಿವು, ಅದೇ ಹಸಿವಿನ ಕೈಗೆ ನದಿಯನ್ನು ಒಪ್ಪಿಸುವುದು ಎಲ್ಲಿಯ ನ್ಯಾಯ ಎನ್ನುವವರು ಇನ್ನೊಂದು ಕಡೆ. ಇಬ್ಬರ ಬಳಿಯೂ ನಿಜವಾದ ಉದಾಹರಣೆಗಳಿವೆ. ಅದಕ್ಕೇ ಈ ವಾದ ಮುಗಿಯುವುದೇ ಇಲ್ಲ. ಎಲ್ಲಿ ಏನಾಯಿತು, ಯಾಕೆ ಹಾಗಾಯಿತು ಎಂದು ಒಂದೊಂದನ್ನೇ ಬಿಡಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ.

## ಮೊದಲು ಎರಡು ಪದಗಳು

ಮುಕ್ತ ಮಾರುಕಟ್ಟೆ ಎಂದರೆ ಸರ್ಕಾರವೇ ಇಲ್ಲದ ಸಂತೆ ಎಂದು ಹಲವರು ತಿಳಿದಿದ್ದಾರೆ. ಅಂಥದ್ದು ಎಲ್ಲಿಯೂ ಇಲ್ಲ. ಯಾವ ವಸ್ತು ಯಾರದ್ದು ಎಂದು ಹೇಳುವ ಕಾನೂನು, ಮಾತು ತಪ್ಪಿದರೆ ಕೇಳುವ ನ್ಯಾಯಾಲಯ, ತಕ್ಕಡಿ ಸರಿಯಾಗಿದೆಯೇ ಎಂದು ನೋಡುವ ಅಧಿಕಾರಿ ಇಲ್ಲದೆ ವ್ಯಾಪಾರ ನಡೆಯುವುದಿಲ್ಲ. ಮುಕ್ತ ಎನ್ನುವ ಮಾತಿನ ಅರ್ಥ ಇಷ್ಟೇ: ಏನನ್ನು ತಯಾರಿಸಬೇಕು, ಎಷ್ಟಕ್ಕೆ ಮಾರಬೇಕು, ಯಾರಿಂದ ಕೊಳ್ಳಬೇಕು ಎಂಬುದನ್ನು ಕೊಳ್ಳುವವರು ಮತ್ತು ಮಾರುವವರೇ ತೀರ್ಮಾನಿಸುತ್ತಾರೆ. ಆ ತೀರ್ಮಾನಗಳೆಲ್ಲ ಸೇರಿ ಬೆಲೆ ಹುಟ್ಟುತ್ತದೆ. ಬೆಲೆ ಸುದ್ದಿ ಹೊತ್ತು ತಿರುಗುವ ಅಂಚೆಯವನಂತೆ. ತಾಮ್ರ ದುಬಾರಿಯಾದರೆ, ಗಣಿಯಲ್ಲಿ ಏನಾಯಿತೆಂದು ಯಾರೂ ವಿವರಿಸದಿದ್ದರೂ, ತಂತಿ ತಯಾರಿಸುವವರು ತಾಮ್ರ ಉಳಿಸುವ ದಾರಿ ಹುಡುಕುತ್ತಾರೆ, ಗುಜರಿಯವರು ಹಳೆಯ ಮೋಟಾರುಗಳನ್ನು ಬಿಚ್ಚಲು ಕೂರುತ್ತಾರೆ.

ಪರಿಸರ ಎಂಬ ಪದವನ್ನೂ ಸ್ವಲ್ಪ ಬಿಡಿಸಬೇಕು. ಒಲೆಯ ಹೊಗೆ ಒಲೆ ಹಚ್ಚಿದವರ ಕಣ್ಣನ್ನೇ ಉರಿಸುತ್ತದೆ. ಕಾರ್ಖಾನೆಯ ಕೊಳಚೆ ನದಿಯ ಕೆಳಗಿನ ಊರಿಗೆ ಹೋಗುತ್ತದೆ. ಗಂಧಕದ ಹೊಗೆ ನೂರಾರು ಕಿಲೋಮೀಟರ್ ದೂರ ಸಾಗಿ ಮಳೆಯಾಗಿ ಇಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಇಡೀ ಭೂಮಿಯ ಮೇಲೆ ಹರಡಿ, ಇನ್ನೂ ಹುಟ್ಟದವರ ಕಾಲದವರೆಗೆ ಉಳಿಯುತ್ತದೆ. ಕೊಳೆ ಮಾಡಿದವರಿಗೂ ಕೊಳೆ ತಾಗುವವರಿಗೂ ನಡುವೆ ಇರುವ ಈ ದೂರವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಬಹುಪಾಲು ಗಂಟುಗಳು ಬಿಚ್ಚಿಕೊಳ್ಳುವುದು ಇದರಿಂದಲೇ.

## ಮಾರುಕಟ್ಟೆ ತಾನಾಗಿಯೇ ಶುಚಿ ಮಾಡುವ ಕಡೆ

ಹಣ ಕೊಟ್ಟು ತಂದ ವಸ್ತು ವ್ಯರ್ಥವಾಗಿ ಹೊರಹೋದರೆ ಅದು ಮಾಲೀಕನ ನಷ್ಟ. ಆದ್ದರಿಂದ ಪೋಲು ತಡೆಯಲು ಯಾವ ಕಾನೂನೂ ಬೇಕಾಗದ ಸಂದರ್ಭಗಳು ಬೇಕಾದಷ್ಟಿವೆ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ 5ರಷ್ಟರಲ್ಲಿ ಹಳೆಯ ಡಬ್ಬಿಗಳನ್ನು ಕರಗಿಸಿ ಅದೇ ಲೋಹವನ್ನು ಪಡೆಯಬಹುದು. ಹಾಗಾಗಿ ಪರಿಸರದ ಹೆಸರೆತ್ತದೆಯೂ ಅದು ಮರುಬಳಕೆಯಾಗುತ್ತದೆ. ತಂಪು ಪಾನೀಯದ ಡಬ್ಬಿಯ ಗೋಡೆ ದಶಕದಿಂದ ದಶಕಕ್ಕೆ ತೆಳುವಾಗುತ್ತಾ ಬಂದದ್ದೂ ಲೋಹದ ಖರ್ಚು ಉಳಿಸಲೆಂದೇ.

ಇನ್ನೂ ಸೊಗಸಾದ ಉದಾಹರಣೆ ಹತ್ತೊಂಬತ್ತನೆಯ ಶತಮಾನದ್ದು. ಕಲ್ಲಿದ್ದಲಿನಿಂದ ದೀಪದ ಅನಿಲ ತೆಗೆಯುವ ಕಾರ್ಖಾನೆಗಳಲ್ಲಿ ಕಪ್ಪು, ಅಂಟಂಟಾದ ಡಾಂಬರು ಉಳಿಯುತ್ತಿತ್ತು. ಎಲ್ಲಿ ಸುರಿಯುವುದೆಂಬುದೇ ತಲೆನೋವು. 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಮಲೇರಿಯಾದ ಔಷಧಿ ತಯಾರಿಸಲು ಹೊರಟು, ಡಾಂಬರಿನಿಂದ ಬಂದ ಅನಿಲೀನ್‌ನಲ್ಲಿ ಅಕಸ್ಮಾತ್ತಾಗಿ ನೇರಳೆ ಬಣ್ಣವನ್ನು ಕಂಡರು. ಕೆಲವೇ ವರ್ಷಗಳಲ್ಲಿ ಆ ಕಸ ಒಂದು ದೊಡ್ಡ ಉದ್ಯಮದ ಕಚ್ಚಾವಸ್ತುವಾಯಿತು. ಕೊಳೆಗೆ ಕೊಳ್ಳುವವರು ಸಿಕ್ಕಿದರೆ ಅದು ಕೊಳೆಯಾಗಿ ಉಳಿಯುವುದಿಲ್ಲ.

ಆದರೆ ಅದೇ ಕತೆಗೆ ಇನ್ನೊಂದು ಮುಖವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1860ರ ದಶಕದಲ್ಲಿ ಇಂಥದೇ ಬಣ್ಣ ತಯಾರಿಸುವಾಗ ಉಳಿದ ಆರ್ಸೆನಿಕ್ ನೆಲದೊಳಗಿನ ನೀರಿಗೆ ಇಳಿದು, ಬಾವಿಯ ನೀರು ಕುಡಿದವರು ಕಾಯಿಲೆ ಬಿದ್ದರು. ಬೆಲೆ ಇದ್ದ ಡಾಂಬರನ್ನು ಉದ್ಯಮ ಒಂದು ಹನಿಯೂ ಬಿಡದೆ ಬಳಸಿತು, ಬೆಲೆ ಇಲ್ಲದ ಆರ್ಸೆನಿಕ್ಕನ್ನು ಹೊರಗೆ ಚೆಲ್ಲಿತು.

ಉಳಿತಾಯದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಒಂದು ವಿಚಿತ್ರವನ್ನು ಗುರುತಿಸಿದರು. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದ ಮೇಲೆ ದೇಶದ ಒಟ್ಟು ಕಲ್ಲಿದ್ದಲು ಬಳಕೆ ಇಳಿಯಲಿಲ್ಲ, ಏರಿತು. ಯಂತ್ರ ಅಗ್ಗವಾದಾಗ ಯಂತ್ರಗಳೇ ಹೆಚ್ಚಾದವು.

## ಕಾರ್ಖಾನೆ ಮೇಲೆ, ಊರು ಕೆಳಗೆ

ಈಗ ವಿಷಯದ ನಡುಮಧ್ಯಕ್ಕೆ ಬರೋಣ. ನದಿಯ ಮೇಲ್ಭಾಗದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಿದೆ ಎಂದುಕೊಳ್ಳಿ. ಅದರ ಮಾಲೀಕ ನೂಲಿಗೆ, ಬಣ್ಣಕ್ಕೆ, ಕೂಲಿಗೆ, ವಿದ್ಯುತ್ತಿಗೆ ಹಣ ಕೊಡುತ್ತಾನೆ. ಇವೆಲ್ಲ ಅವನ ಖಾತೆ ಪುಸ್ತಕದಲ್ಲಿ ಬರುತ್ತವೆ, ಬಟ್ಟೆಯ ಬೆಲೆಯಲ್ಲಿ ಸೇರುತ್ತವೆ. ಬಣ್ಣದ ಕೊಳಚೆಯನ್ನು ನದಿಗೆ ಬಿಟ್ಟದ್ದಕ್ಕೆ ಅವನ ಖರ್ಚು ಸೊನ್ನೆ.

ಕೆಳಗಿನ ಊರಿನಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಬಾವಿಯ ನೀರಿಗೆ ವಾಸನೆ ಬರುತ್ತದೆ, ಒಬ್ಬರು ಕುಡಿಯುವ ನೀರನ್ನು ದೂರದಿಂದ ಹೊತ್ತು ತರುತ್ತಾರೆ, ಇನ್ನೊಬ್ಬರು ಮಗುವಿನ ಚರ್ಮದ ಕಾಯಿಲೆಗೆ ಮುಲಾಮು ಕೊಳ್ಳುತ್ತಾರೆ. ಇವು ನಿಜವಾದ ಖರ್ಚುಗಳು. ನಿಜವಾದ ಜನರ ಜೇಬಿನಿಂದ ಹೋದ ಹಣ, ನಿಜವಾದ ಮೈಯ ನೋವು. ಆದರೆ ಬಟ್ಟೆ ಮಾರಿದವನೂ ಇದನ್ನು ತೆರಲಿಲ್ಲ, ಕೊಂಡವರೂ ತೆರಲಿಲ್ಲ. ವ್ಯವಹಾರದಲ್ಲಿ ಪಾಲೇ ಇಲ್ಲದ ಮೂರನೆಯವರ ತಲೆಗೆ ಬಿದ್ದ ಈ ಖರ್ಚನ್ನು ಅರ್ಥಶಾಸ್ತ್ರದಲ್ಲಿ ‘ಬಾಹ್ಯ ವೆಚ್ಚ’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ ಇನ್ನೂ ಚೆನ್ನಾದ ಮಾತಿದೆ: ನದಿ ಇಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮಾಲೀಕ ಕೆಟ್ಟವನಾಗಿರಬೇಕೆಂದೇನೂ ಇಲ್ಲ. ಅವನು ಒಳ್ಳೆಯವನೆಂದೇ ಇಟ್ಟುಕೊಳ್ಳೋಣ. ಕೊಳಚೆ ಸಂಸ್ಕರಿಸುವ ಘಟಕ ಹಾಕಿದ. ನೂರಕ್ಕೆ ತಯಾರಾಗುತ್ತಿದ್ದ ಬಟ್ಟೆಗೆ ಈಗ ನೂರಹತ್ತು ತಗಲುತ್ತದೆ. ಪಕ್ಕದ ಕಾರ್ಖಾನೆಯ ಬಟ್ಟೆ ಇನ್ನೂ ನೂರಕ್ಕೇ ಸಿಗುತ್ತದೆ, ಎರಡರ ಬಣ್ಣವೂ ನೇಯ್ಗೆಯೂ ಒಂದೇ. ಕೊಳ್ಳುವವರಿಗೆ ನದಿ ಕಾಣುವುದಿಲ್ಲ, ಬೆಲೆ ಕಾಣುತ್ತದೆ. ಒಳ್ಳೆಯ ಮಾಲೀಕ ವರ್ಷದೊಳಗೆ ಬಾಗಿಲು ಹಾಕುತ್ತಾನೆ. ಈ ಅಂಶವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬಾಹ್ಯ ವೆಚ್ಚ ಇರುವ ಕಡೆ ಪೈಪೋಟಿ ಕೊಳೆಯನ್ನು ಕಡೆಗಣಿಸುವುದಷ್ಟೇ ಅಲ್ಲ, ಶುಚಿಯಾಗಿರಲು ಹೊರಟವರನ್ನು ಹುಡುಕಿ ಹೊರದೂಡುತ್ತದೆ.

ಕೇಂಬ್ರಿಡ್ಜ್‌ನ ಪ್ರಾಧ್ಯಾಪಕ ಆರ್ಥರ್ ಪಿಗೂ 1920ರಲ್ಲಿ ಇದನ್ನು ಕ್ರಮಬದ್ಧವಾಗಿ ವಿವರಿಸಿದರು. ಅವರು ಕೊಟ್ಟ ಒಂದು ಉದಾಹರಣೆ ರೈಲು ಎಂಜಿನ್ನಿನ ಕಿಡಿ ಹಾರಿ ಹಳಿಯ ಪಕ್ಕದ ಕಾಡು ಸುಡುವುದು. ರೈಲಿನ ಟಿಕೆಟ್ಟಿನಲ್ಲಿ ಸುಟ್ಟ ಮರದ ಬೆಲೆ ಇರುವುದಿಲ್ಲ. ಪಿಗೂ ಅವರ ಪರಿಹಾರ ನೇರವಾದದ್ದು: ಹೊರಗೆ ಬಿದ್ದ ಖರ್ಚಿನಷ್ಟೇ ತೆರಿಗೆ ಹಾಕಿ, ಅದನ್ನು ಮತ್ತೆ ಮಾಡಿದವರ ಖಾತೆಗೆ ತನ್ನಿ.

## ಒಡೆಯರಿದ್ದರೆ ಸಾಕೇ?

ಮುಕ್ತ ಮಾರುಕಟ್ಟೆಯ ಪರ ಇರುವ ಗಂಭೀರ ಉತ್ತರವೊಂದು ಇಲ್ಲಿ ಬರುತ್ತದೆ. ತೊಂದರೆ ಮಾರುಕಟ್ಟೆಯದ್ದಲ್ಲ, ನದಿಗೆ ಒಡೆಯರಿಲ್ಲದಿರುವುದರದ್ದು. ಒಡೆತನ ಸ್ಪಷ್ಟವಾಗಿದ್ದರೆ ಜನರೇ ಕೂತು ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ ಎಂಬ ಉತ್ತರ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರ ಒಂದು ಪ್ರಬಂಧದಲ್ಲಿ ಈ ದಿಕ್ಕಿನ ವಾದವನ್ನು ಮಂಡಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಬಂತು.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಫ್ರಾನ್ಸಿನ ಈಶಾನ್ಯದಲ್ಲಿರುವ ವಿಟ್ಟೆಲ್ ಎಂಬಲ್ಲಿ ಖನಿಜಯುಕ್ತ ನೀರಿನ ಬುಗ್ಗೆಯಿದೆ. 1980ರ ದಶಕದಲ್ಲಿ ಸುತ್ತಲಿನ ಹೊಲಗಳ ಗೊಬ್ಬರದಿಂದ ನೈಟ್ರೇಟ್ ಇಳಿದು ಬುಗ್ಗೆಯ ನೀರಿಗೆ ಸೇರುವ ಸೂಚನೆಗಳು ಕಂಡವು. ಅಂಥ ನೀರನ್ನು ಸೋಸಿ, ಶುದ್ಧೀಕರಿಸಿ ‘ಸಹಜ ಖನಿಜ ನೀರು’ ಎಂದು ಮಾರಲು ಕಾನೂನು ಬಿಡುವುದಿಲ್ಲ. ನೀರಿನ ಕಂಪನಿ ಮೇಲಿನ ರೈತರ ಜೊತೆ ಹಲವು ವರ್ಷ ಮಾತುಕತೆ ನಡೆಸಿ, ಮೆಕ್ಕೆಜೋಳದ ಬೆಳೆ ಮತ್ತು ರಾಸಾಯನಿಕ ಬಿಟ್ಟವರಿಗೆ ಹಣ, ತಾಂತ್ರಿಕ ನೆರವು, ದೀರ್ಘ ಕಾಲದ ಒಪ್ಪಂದಗಳನ್ನು ಕೊಟ್ಟಿತು. ನೀರು ಉಳಿಯಿತು. ನ್ಯೂಯಾರ್ಕ್ ನಗರವೂ ಹತ್ತಿರಹತ್ತಿರ ಇದೇ ದಾರಿ ಹಿಡಿಯಿತು. ಹಲವು ಶತಕೋಟಿ ಡಾಲರ್‌ಗಳ ಸೋಸುವ ಘಟಕ ಕಟ್ಟುವ ಬದಲು, ತನಗೆ ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಾಡು, ಹೊಲಗಳನ್ನು ಕಾಪಾಡಲು 1997ರಲ್ಲಿ ಅಲ್ಲಿನ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡಿತು.

ವಿಟ್ಟೆಲ್‌ನಲ್ಲಿ ಕೊಳ್ಳುವವರು ಒಬ್ಬರೇ, ಕೊಡುವವರು ಕೆಲವು ಡಜನ್ ರೈತ ಕುಟುಂಬಗಳು, ನೈಟ್ರೇಟ್ ಎಲ್ಲಿಂದ ಬರುತ್ತಿದೆ ಎಂಬುದೂ ಗೊತ್ತಿತ್ತು. ಲಕ್ಷಾಂತರ ವಾಹನಗಳ ಹೊಗೆ ಲಕ್ಷಾಂತರ ಶ್ವಾಸಕೋಶಗಳಿಗೆ ಹೋಗುವ ನಗರದಲ್ಲಿ ಯಾರು ಯಾರೊಂದಿಗೆ ಕೂತು ಚೌಕಾಸಿ ಮಾಡುವುದು? ಚೌಕಾಸಿಗೇ ಆಗುವ ಖರ್ಚು ವಾಸ್ತವದಲ್ಲಿ ದೊಡ್ಡದು ಎಂದು ಕೋಸ್ ಅವರೇ ಅದೇ ಪ್ರಬಂಧದಲ್ಲಿ ಹೇಳಿದ್ದರು. ಅವರ ಹೆಸರು ಹೇಳುವವರಲ್ಲಿ ಅನೇಕರು ಆ ಭಾಗವನ್ನು ಬಿಟ್ಟುಬಿಡುತ್ತಾರೆ.

ಯಾರಿಗೂ ಸೇರದ, ಎಲ್ಲರಿಗೂ ತೆರೆದಿರುವ ಸಂಪತ್ತಿನ ಪಾಡು ಏನಾಗುತ್ತದೆ ಎನ್ನುವುದಕ್ಕೆ 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಗೋಮಾಳದ ಚಿತ್ರ ಕೊಟ್ಟರು. ಇನ್ನೊಂದು ಹಸು ಬಿಟ್ಟರೆ ಅದರ ಹಾಲು ನನಗೆ, ಹುಲ್ಲಿನ ನಷ್ಟ ಮಾತ್ರ ಊರಿಗೆಲ್ಲ ಹಂಚಿಕೆ. ಎಲ್ಲರೂ ಹೀಗೇ ಯೋಚಿಸಿದರೆ ಹುಲ್ಲೇ ಉಳಿಯದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಕಾಡ್ ಮೀನಿನ ಕತೆ ಹೀಗೆಯೇ ಶುರುವಾಯಿತು. ಶತಮಾನಗಳ ಕಾಲ ಜನರನ್ನು ಸಾಕಿದ ಆ ಕಡಲಿಗೆ 1950ರ ದಶಕದಿಂದ ಹಲವು ದೇಶಗಳ ದೈತ್ಯ ದೋಣಿಗಳು ಬಂದವು. 1977ರ ನಂತರ ಕೆನಡಾ ಸರ್ಕಾರ ಹಿಡಿತಕ್ಕೆ ತೆಗೆದುಕೊಂಡಿತಾದರೂ ಕಡಲಲ್ಲಿ ಇರುವುದಕ್ಕಿಂತ ಹೆಚ್ಚು ಮೀನಿದೆ ಎಂದು ಅಂದಾಜಿಸಿ ಸಡಿಲವಾದ ಮಿತಿ ಹಾಕಿತು. 1992ರ ಜುಲೈಯಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು.

ನ್ಯೂಜಿಲೆಂಡ್ 1986ರಲ್ಲಿ ಬೇರೆ ದಾರಿ ಹಿಡಿದಿತ್ತು. ಒಟ್ಟು ಎಷ್ಟು ಮೀನು ಹಿಡಿಯಬಹುದು ಎಂಬ ಮಿತಿಯನ್ನು ಸರ್ಕಾರ ಗೊತ್ತು ಮಾಡುತ್ತದೆ, ಅದರ ಪಾಲುಗಳನ್ನು ಮೀನುಗಾರರು ಕೊಳ್ಳಬಹುದು, ಮಾರಬಹುದು. ಇನ್ನು ಅಮೆರಿಕದ ರಾಜಕೀಯ ವಿಜ್ಞಾನಿ ಎಲಿನಾರ್ ಆಸ್ಟ್ರಮ್ ಹಲವು ದೇಶಗಳ ಹುಲ್ಲುಗಾವಲು, ಕಾಡು, ನೀರಾವರಿ ಕಾಲುವೆಗಳನ್ನು ಅಧ್ಯಯನ ಮಾಡಿ, ಖಾಸಗಿ ಒಡೆತನವೂ ಇಲ್ಲದೆ, ಸರ್ಕಾರದ ಕೋಲೂ ಇಲ್ಲದೆ, ಬಳಸುವ ಜನರೇ ಕಟ್ಟಳೆ ಮಾಡಿಕೊಂಡು ತಲೆಮಾರುಗಳವರೆಗೆ ಸಂಪತ್ತನ್ನು ಉಳಿಸಿಕೊಂಡ ಉದಾಹರಣೆಗಳನ್ನು ತೋರಿಸಿದರು. 2009ರಲ್ಲಿ ಅವರಿಗೂ ನೊಬೆಲ್ ಬಂತು.

## ಮಾರುಕಟ್ಟೆಯೇ ಇಲ್ಲದ ನಾಡುಗಳಲ್ಲಿ

ಲಾಭದ ಹಸಿವೇ ಕೊಳೆಯ ಮೂಲವಾಗಿದ್ದರೆ, ಖಾಸಗಿ ಲಾಭವನ್ನು ನಿಷೇಧಿಸಿದ ದೇಶಗಳು ಶುಚಿಯಾಗಿರಬೇಕಿತ್ತು. ಹಾಗಾಗಲಿಲ್ಲ. 1960ರಲ್ಲಿ ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರವಾಗಿದ್ದ ಅರಾಲ್ ಸಮುದ್ರಕ್ಕೆ ಬರುತ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಸೋವಿಯತ್ ಯೋಜನೆ ಹತ್ತಿ ಹೊಲಗಳಿಗೆ ತಿರುಗಿಸಿತು. ಸರೋವರ ಒಣಗಿತು. ಉಪ್ಪು, ಕೀಟನಾಶಕ ಬೆರೆತ ತಳದ ಧೂಳು ಗಾಳಿಗೆ ಎದ್ದಿತು. ಮೀನುಗಾರರ ದೋಣಿಗಳು ಮರಳಿನಲ್ಲಿ ನಿಂತು ತುಕ್ಕು ಹಿಡಿದವು.

ಪೂರ್ವ ಜರ್ಮನಿ ಗಂಧಕ ತುಂಬಿದ ಕಂದು ಕಲ್ಲಿದ್ದಲನ್ನು ನೆಚ್ಚಿಕೊಂಡಿತ್ತು. ಶಕ್ತಿಯ ಬೆಲೆಯನ್ನು ಸರ್ಕಾರ ತೀರಾ ಕೆಳಗೆ ಹಿಡಿದಿಟ್ಟಿದ್ದರಿಂದ ಉಳಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಕಾರ್ಖಾನೆಯೂ ಸರ್ಕಾರದ್ದೇ, ಕಾರ್ಖಾನೆಯನ್ನು ಪರೀಕ್ಷಿಸುವವರೂ ಸರ್ಕಾರದವರೇ, ವಾಯುಮಾಲಿನ್ಯದ ಅಂಕಿಅಂಶ 1982ರಿಂದ ಸರ್ಕಾರದ ಗುಟ್ಟು. 1990ರ ನಂತರ ಬೆಲೆಗಳು ನಿಜವಾದಾಗ, ಹಳೆಯ ಘಟಕಗಳು ಮುಚ್ಚಿದಾಗ, ಪಶ್ಚಿಮದ ಕಾನೂನುಗಳು ಬಂದಾಗ ಗಾಳಿ ಬಹುಬೇಗ ತಿಳಿಯಾಯಿತು. ಆ ತಿಳಿಯಲ್ಲಿ ಮಾರುಕಟ್ಟೆಯ ಪಾಲು ಎಷ್ಟು, ಕಾನೂನಿನ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡರ ಪಾಲೂ ಇದೆ ಎನ್ನುವುದರಲ್ಲಿ ಅನುಮಾನವಿಲ್ಲ.

## ಸಿರಿ ಬಂದರೆ ಹೊಗೆ ಹೋಗುತ್ತದೆಯೇ?

1990ರ ದಶಕದ ಆರಂಭದಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಗಾಳಿ, ನೀರಿನ ಅಳತೆಗಳನ್ನು ಅಲ್ಲಿನ ಜನರ ವರಮಾನದ ಪಕ್ಕದಲ್ಲಿಟ್ಟು ನೋಡಿದರು. ಹಲವು ಬಗೆಯ ಮಾಲಿನ್ಯದಲ್ಲಿ ಒಂದು ಗುಡ್ಡದ ಆಕಾರ ಕಂಡಿತು. ಬಡ ದೇಶ ಬೆಳೆಯತೊಡಗಿದಾಗ ಕೊಳೆ ಏರುತ್ತದೆ, ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ. ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅಸಮಾನತೆಯ ಬಗ್ಗೆ ಹೇಳಿದ್ದ ಇಂಥದೇ ಗೆರೆಯ ನೆನಪಿನಲ್ಲಿ ಇದಕ್ಕೆ ‘ಪರಿಸರದ ಕುಜ್ನೆಟ್ಸ್ ರೇಖೆ’ ಎಂಬ ಹೆಸರು ಬಿತ್ತು. ವ್ಯಾಪಾರ ಬೆಳೆದರೆ ಶುಚಿ ತಾನಾಗಿ ಬರುತ್ತದೆ ಎನ್ನುವವರ ಮುಖ್ಯ ಆಧಾರ ಇದೇ.

ಗುಡ್ಡದ ಆಚೆ ಬದಿಯ ಇಳಿಜಾರು ಹೇಗೆ ಬಂತು ಎಂದು ಲಂಡನ್ ತೋರಿಸುತ್ತದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಕಲ್ಲಿದ್ದಲಿನ ಹೊಗೆ ಮಂಜಿನೊಂದಿಗೆ ಬೆರೆತು ನಗರದ ಮೇಲೆ ಕಂಬಳಿಯಂತೆ ಹಾಸಿಕೊಂಡಿತು. ಬಸ್ಸಿನ ಮುಂದೆ ನಿರ್ವಾಹಕ ದೀಪ ಹಿಡಿದು ನಡೆಯಬೇಕಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 4,000, ನಂತರದ ಅಂದಾಜುಗಳಲ್ಲಿ 12,000ದವರೆಗೆ ಜನ ಸತ್ತರು. ಬ್ರಿಟನ್ ಆಗ ಜಗತ್ತಿನ ಸಿರಿವಂತ ದೇಶಗಳಲ್ಲೊಂದು. ಸಿರಿ ಮಾತ್ರ ಸಾಕಾಗಿದ್ದರೆ ಆ ಜನ ಬದುಕಿರಬೇಕಿತ್ತು. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು, ಹೊಗೆರಹಿತ ವಲಯಗಳಾದವು, ಮುಂದೆ ಕಲ್ಲಿದ್ದಲಿನ ಜಾಗಕ್ಕೆ ಅನಿಲ ಬಂತು. ಸಿರಿ ಇದ್ದದ್ದರಿಂದ ಅನಿಲಕ್ಕೆ ಬದಲಾಯಿಸಿಕೊಳ್ಳಲು ಆಯಿತು, ಜನ ಕೇಳಿದ್ದರಿಂದ ಕಾಯ್ದೆ ಬಂತು. ಇಳಿಜಾರು ತಾನಾಗಿ ಬರುವಂಥದ್ದಲ್ಲ ಎಂಬ ಎಚ್ಚರಿಕೆಯನ್ನು ಗ್ರಾಸ್‌ಮನ್, ಕ್ರೂಗರ್ ಅವರೇ ಕೊಟ್ಟಿದ್ದರು.

ಮೊದಲು ಹೇಳಿದ ದೂರದ ಮಾತು ಇಲ್ಲಿ ಮತ್ತೆ ಬರುತ್ತದೆ. ಸ್ವಂತ ಕಣ್ಣನ್ನು ಉರಿಸುವ ಹೊಗೆಯಲ್ಲಿ ಗುಡ್ಡ ಚೆನ್ನಾಗಿ ಕಾಣುತ್ತದೆ. ದೂರ ಹೋಗುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅಂಥ ಖಚಿತವಾದ ಗುಡ್ಡ ಕಂಡಿಲ್ಲ. ಜೊತೆಗೆ ಸಿರಿವಂತ ದೇಶ ಉಕ್ಕಿನ ಕಾರ್ಖಾನೆ ಮುಚ್ಚಿ ಉಕ್ಕನ್ನು ಹೊರಗಿನಿಂದ ತರಿಸಿಕೊಂಡರೆ ಅದರ ಗಾಳಿ ತಿಳಿಯಾಗುತ್ತದೆ, ಹೊಗೆ ಮಾತ್ರ ಇನ್ನೊಬ್ಬರ ಆಕಾಶದಲ್ಲಿ ಇರುತ್ತದೆ.

## ಹೊಗೆಗೆ ಬೆಲೆ ಕಟ್ಟಿದಾಗ: ಗಂಧಕದ ಪಾಠ

ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಬೆಳಕು ಕೊಟ್ಟ ಉದಾಹರಣೆ ಅಮೆರಿಕದ ಆಮ್ಲ ಮಳೆಯದ್ದು, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1970ರ ಕಾನೂನು ಪ್ರತಿ ಊರಿನ ಗಾಳಿ ಇಷ್ಟು ಶುಚಿಯಾಗಿರಬೇಕು ಎಂದಿತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಹಲವು ಕಡೆ ಚಿಮಣಿಯನ್ನು ಎತ್ತರಿಸಿದವು. ಊರಿನ ಗಾಳಿ ಸುಧಾರಿಸಿತು, ಗಂಧಕದ ಡೈಆಕ್ಸೈಡ್ ಮೇಲಿನ ಗಾಳಿ ಹಿಡಿದು ಹೊರಟಿತು. ನೂರಾರು ಕಿಲೋಮೀಟರ್ ಆಚೆ ನ್ಯೂಯಾರ್ಕ್ ರಾಜ್ಯದ ಅಡಿರಾಂಡಕ್ ಬೆಟ್ಟಗಳ ಸರೋವರಗಳಲ್ಲಿ, ಕೆನಡಾದ ಕೆರೆಗಳಲ್ಲಿ ನೀರು ಹುಳಿಯಾಗಿ ಮೀನುಗಳು ಸತ್ತವು.

1990ರಲ್ಲಿ ಕಾನೂನನ್ನು ತಿದ್ದಿದಾಗ ಹೊಸ ಉಪಾಯವೊಂದನ್ನು ತಂದರು. ಇಡೀ ದೇಶದ ವಿದ್ಯುತ್ ಸ್ಥಾವರಗಳು ವರ್ಷಕ್ಕೆ ಒಟ್ಟು ಎಷ್ಟು ಟನ್ ಬಿಡಬಹುದು ಎಂಬ ಮಿತಿ ಹಾಕಿದರು. 2010ರ ಹೊತ್ತಿಗೆ ಆ ಮಿತಿ 89.5 ಲಕ್ಷ ಟನ್‌ಗೆ ಇಳಿಯಬೇಕಿತ್ತು. ಆ ಮಿತಿಯನ್ನು ಒಂದೊಂದು ಟನ್ನಿನ ಪರವಾನಗಿಗಳಾಗಿ ಹಂಚಿದರು. ಕಡಿಮೆ ಬಿಟ್ಟವರು ಉಳಿದ ಪರವಾನಗಿಯನ್ನು ಮಾರಬಹುದು, ಹೆಚ್ಚು ಬಿಡುವವರು ಕೊಳ್ಳಬೇಕು. ಪರವಾನಗಿ ಇಲ್ಲದೆ ಬಿಟ್ಟ ಪ್ರತಿ ಟನ್ನಿಗೆ 2,000 ಡಾಲರ್ ದಂಡ. ಚಿಮಣಿಯೊಳಗೇ ಮಾಪಕ ಕೂರಿಸಿ, ಅದು ಹಗಲೂ ರಾತ್ರಿ ಅಳೆಯುವಂತೆ ಮಾಡಿದರು. ಇದನ್ನೇ ‘ಮಿತಿ ಮತ್ತು ವ್ಯಾಪಾರ’ ಪದ್ಧತಿ ಎನ್ನುವುದು.

1995ರಲ್ಲಿ, ಮೊದಲ ಹಂತದಲ್ಲಿ, 110 ಸ್ಥಾವರಗಳು ಇದರೊಳಗೆ ಬಂದವು. ಅಂಥದೊಂದು ಸ್ಥಾವರದ ಎಂಜಿನಿಯರ್ ಮುಂದೆ ಮೂರು ದಾರಿಗಳಿದ್ದವು. ಸುಣ್ಣದ ನೀರಿನ ತುಂತುರಿನಲ್ಲಿ ಹೊಗೆಯನ್ನು ತೊಳೆಯುವ ಯಂತ್ರ ಹಾಕಬಹುದು, ಅದು ದುಬಾರಿ. ಗಂಧಕ ಕಡಿಮೆ ಇರುವ ಕಲ್ಲಿದ್ದಲನ್ನು ಪಶ್ಚಿಮದ ವ್ಯೋಮಿಂಗ್‌ನಿಂದ ರೈಲಿನಲ್ಲಿ ತರಿಸಬಹುದು. ಅಥವಾ ಏನನ್ನೂ ಬದಲಿಸದೆ ಪರವಾನಗಿ ಕೊಳ್ಳಬಹುದು. ಯಾವ ಸ್ಥಾವರ ಯಾವುದನ್ನು ಆರಿಸಬೇಕೆಂದು ಸರ್ಕಾರ ಹೇಳಲಿಲ್ಲ. 1980ರಲ್ಲಿ ರೈಲು ಸಾಗಣೆಯ ಮೇಲಿನ ದರ ನಿಯಂತ್ರಣವನ್ನು ಸಡಿಲಿಸಿದ್ದರಿಂದ ಸಾಗಣೆ ಅಗ್ಗವಾಗಿತ್ತು. ವ್ಯೋಮಿಂಗ್‌ನ ಕಲ್ಲಿದ್ದಲು ಎಣಿಸಿದ್ದಕ್ಕಿಂತ ದೂರದವರೆಗೆ ಲಾಭದಾಯಕವಾಯಿತು. ಪೈಪೋಟಿಯಿಂದ ತೊಳೆಯುವ ಯಂತ್ರಗಳ ಬೆಲೆಯೂ ಇಳಿಯಿತು. ಆರಂಭದ ವರ್ಷಗಳಲ್ಲಿ ಪರವಾನಗಿಯ ಬೆಲೆ ಬಹುತೇಕ ಮುನ್ನಂದಾಜುಗಳಿಗಿಂತ ಬಹಳ ಕೆಳಗೆ, ಟನ್ನಿಗೆ 200 ಡಾಲರ್ ಒಳಗೇ ಇತ್ತು. 1990ರಲ್ಲಿ ಒಂದೂವರೆ ಕೋಟಿ ಟನ್ನಿಗೂ ಹೆಚ್ಚಿದ್ದ ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡ್, ನಂತರ ಬಂದ ಬಿಗಿ ನಿಯಮಗಳೂ ಸೇರಿ, 2010ರ ಹೊತ್ತಿಗೆ ಸುಮಾರು ಅರ್ಧ ಕೋಟಿ ಟನ್ನಿಗೆ ಇಳಿಯಿತು.

ಇಲ್ಲಿ ಯಾರು ಯಾವ ಕೆಲಸ ಮಾಡಿದರು ಎಂದು ಗಮನಿಸಿ. ಎಷ್ಟು ಹೊಗೆ ಸಾಕು ಎಂಬ ಅಂಕಿಯನ್ನು ಮಾರುಕಟ್ಟೆ ಹೇಳಲಿಲ್ಲ, ಶಾಸನಸಭೆ ಹೇಳಿತು. ಆ ಅಂಕಿಯನ್ನು ಅತಿ ಕಡಿಮೆ ಖರ್ಚಿನಲ್ಲಿ ಮುಟ್ಟುವುದು ಹೇಗೆ ಎಂಬುದನ್ನು ಶಾಸನಸಭೆ ಹೇಳಲಿಲ್ಲ, ಮಾರುಕಟ್ಟೆ ಕಂಡುಹಿಡಿಯಿತು.

ಮಿತಿ ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಯುರೋಪ್ ತೋರಿಸಿತು. 2005ರಲ್ಲಿ ಅಲ್ಲಿ ಇಂಗಾಲದ ಪರವಾನಗಿ ವ್ಯಾಪಾರ ಶುರುವಾದಾಗ ಕಂಪನಿಗಳಿಗೆ ಅಗತ್ಯಕ್ಕಿಂತ ಹೆಚ್ಚು ಪರವಾನಗಿಗಳನ್ನು, ಅದೂ ಬಹುತೇಕ ಪುಕ್ಕಟೆಯಾಗಿ ಹಂಚಿದರು. 2007ರ ಹೊತ್ತಿಗೆ ಅವುಗಳ ಬೆಲೆ ಸೊನ್ನೆಯ ಹತ್ತಿರ ಬಂತು. ಮಿತಿಯನ್ನು ಬಿಗಿ ಮಾಡಿ, ಹೆಚ್ಚುವರಿ ಪರವಾನಗಿಗಳನ್ನು ಹಿಂತೆಗೆದುಕೊಂಡ ಮೇಲೆ 2023ರ ಫೆಬ್ರವರಿಯಲ್ಲಿ ಬೆಲೆ ಟನ್ನಿಗೆ 100 ಯೂರೋ ಮುಟ್ಟಿತು. ಪಿಗೂ ಅವರ ತೆರಿಗೆಯ ದಾರಿಯನ್ನು ಸ್ವೀಡನ್ 1991ರಲ್ಲೇ ಹಿಡಿದಿತ್ತು. ಅಲ್ಲಿ 1990ರಿಂದ ಈಚೆಗೆ ದೇಶದೊಳಗಿನ ಹೊರಸೂಸುವಿಕೆ ಮೂರನೇ ಒಂದು ಭಾಗದಷ್ಟಾದರೂ ಇಳಿದಿದೆ, ಆರ್ಥಿಕತೆ ಬೆಳೆದಿದೆ.

## ಬೆಲೆ ಸಾಲದ ಕಡೆ

ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಕತೆ ನೋವಿನದ್ದು. 1921ರಲ್ಲಿ ಅಮೆರಿಕದ ಎಂಜಿನಿಯರ್ ಥಾಮಸ್ ಮಿಜ್ಲಿ ಸೀಸದ ಒಂದು ಸಂಯುಕ್ತವನ್ನು ಬೆರೆಸಿದರೆ, ಇಂಧನ ಸರಿಯಾಗಿ ಉರಿಯದೆ ಎಂಜಿನ್ನಿನಲ್ಲಿ ಏಳುವ ಟಕಟಕ ಬಡಿತ ನಿಲ್ಲುತ್ತದೆ ಎಂದು ಕಂಡುಕೊಂಡರು. ಸೀಸ ವಿಷ ಎಂಬುದು ಆಗಲೇ ಗೊತ್ತಿತ್ತು. ಮದ್ಯಸಾರವೂ ಅದೇ ಕೆಲಸ ಮಾಡುತ್ತದೆ ಎಂಬುದೂ ಗೊತ್ತಿತ್ತು. ಆದರೆ ಸೀಸದ ಸಂಯುಕ್ತ ಚಿಟಿಕೆಯಷ್ಟು ಸಾಕಿತ್ತು, ಅದರ ಮೇಲೆ ಪೇಟೆಂಟ್ ಪಡೆಯಬಹುದಿತ್ತು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಘಟಕದಲ್ಲಿ ಕಾರ್ಮಿಕರು ಮತಿಭ್ರಮಣೆಯಾಗಿ ಸತ್ತರು. ಆದರೂ ಮಾರಾಟ ಜಗತ್ತಿಗೆಲ್ಲ ಹರಡಿತು. ಮಕ್ಕಳ ಮೆದುಳಿಗೆ ಆದ ಹಾನಿಗೆ ಯಾವ ದರಪಟ್ಟಿಯನ್ನು ತೂಗುಹಾಕುವುದು? ಅಮೆರಿಕ 1970ರ ದಶಕದಿಂದ ಹಂತಹಂತವಾಗಿ ಇಳಿಸಿ 1996ರಲ್ಲಿ ರಸ್ತೆ ವಾಹನಗಳಿಗೆ ಪೂರ್ತಿ ನಿಷೇಧಿಸಿತು. ಆ ಇಳಿಕೆಯ ಹಾದಿಯಲ್ಲೂ, 1980ರ ದಶಕದಲ್ಲಿ, ಸಂಸ್ಕರಣಾಗಾರಗಳ ನಡುವೆ ಸೀಸದ ಪಾಲಿನ ವ್ಯಾಪಾರಕ್ಕೆ ಅವಕಾಶವಿತ್ತು. ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.

ಓಝೋನ್ ಪದರವನ್ನು ತಿನ್ನುತ್ತಿದ್ದ ಶೀತಕ ಅನಿಲಗಳಿಗೂ ಹೀಗೆಯೇ 1987ರ ಮಾಂಟ್ರಿಯಲ್ ಒಪ್ಪಂದದಿಂದ ಬಳಕೆ ನಿಲ್ಲಿಸುವ ದಿನಾಂಕ ಗೊತ್ತು ಮಾಡಿದರು. ದಿನಾಂಕ ಖಚಿತವಾದ ಮೇಲೆ ಬದಲಿ ಅನಿಲಗಳನ್ನು ಹುಡುಕುವ ಪೈಪೋಟಿಗೆ ಕಂಪನಿಗಳೇ ಇಳಿದವು.

## ಮತ್ತೆ ಗಡಿಗೆ

ಇಂಗಾಲದ ಲೆಕ್ಕ ಗಂಧಕದಷ್ಟು ಸುಲಭವಲ್ಲ. ಅದು ಯಾವ ಒಂದು ದೇಶದ ಮಿತಿಗೂ ಸಿಗುವುದಿಲ್ಲ. ಇನ್ನೊಂದು ತೊಡಕು, ಈಗಿನ ಬೆಲೆಗಳೇ ಓರೆಯಾಗಿವೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಂದಾಜಿನಂತೆ 2022ರಲ್ಲಿ ಸರ್ಕಾರಗಳು ಕಲ್ಲಿದ್ದಲು, ತೈಲ, ಅನಿಲಕ್ಕೆ ನೇರವಾಗಿ ಕೊಟ್ಟ ಸಬ್ಸಿಡಿ ಸುಮಾರು 1.3 ಲಕ್ಷ ಕೋಟಿ ಡಾಲರ್. ತೆರದೆ ಬಿಟ್ಟ ಬಾಹ್ಯ ವೆಚ್ಚ ಮೊದಲಾದವನ್ನು ಸೇರಿಸಿದರೆ ಅದು ಸುಮಾರು 7 ಲಕ್ಷ ಕೋಟಿ. ಈ ಸಬ್ಸಿಡಿ ತೆಗೆಯಿರಿ ಎನ್ನುವಲ್ಲಿ ಮುಕ್ತ ಮಾರುಕಟ್ಟೆಯ ಕಟ್ಟಾ ಅಭಿಮಾನಿಗಳೂ ಪರಿಸರವಾದಿಗಳೂ ಒಂದೇ ಮಾತು ಆಡುತ್ತಾರೆ.

ಸೌರಫಲಕದ್ದು ಇದರ ಇನ್ನೊಂದು ಬದಿ. 1954ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಲಿಕಾನ್ ಕೋಶವನ್ನು ದಶಕಗಳ ಕಾಲ ಉಪಗ್ರಹಗಳು ಬಿಟ್ಟರೆ ಹೆಚ್ಚಿನವರು ಕೊಳ್ಳಲಾಗಲಿಲ್ಲ. 2000ದಲ್ಲಿ ಜರ್ಮನಿ ಸೌರವಿದ್ಯುತ್ತಿಗೆ ಖಚಿತ ಬೆಲೆ ಕೊಡುವ ಕಾನೂನು ತಂದಿತು, ಬೇಡಿಕೆ ಬಂತು, ಚೀನಾದ ಕಾರ್ಖಾನೆಗಳು ಒಂದರ ಮೇಲೊಂದು ಬಿದ್ದು ತಯಾರಿಸಿದವು. 2010ರಿಂದ 2020ರ ನಡುವೆ ದೊಡ್ಡ ಸೌರ ಸ್ಥಾವರಗಳ ವಿದ್ಯುತ್ತಿನ ಖರ್ಚು ಶೇ 80ಕ್ಕೂ ಹೆಚ್ಚು ಇಳಿಯಿತು. ಬಾಗಿಲು ತೆರೆದದ್ದು ಸರ್ಕಾರಗಳ ಹಣ, ಬೆಲೆಯನ್ನು ಕುಟ್ಟಿ ಇಳಿಸಿದ್ದು ಪೈಪೋಟಿ.

ಯುರೋಪಿನ ಗಡಿ ಲೆಕ್ಕದ ತರ್ಕವೂ ಈಗ ಸ್ಪಷ್ಟವಾಗಬೇಕು. ಒಳಗಿನ ಉಕ್ಕಿನ ಕಾರ್ಖಾನೆ ಇಂಗಾಲಕ್ಕೆ ಹಣ ತೆತ್ತು, ಹೊರಗಿನದು ತೆರದಿದ್ದರೆ, ಬಣ್ಣದ ಕಾರ್ಖಾನೆಯ ಒಳ್ಳೆಯ ಮಾಲೀಕನ ಪಾಡೇ ಆಗುತ್ತದೆ. ಅದಕ್ಕೇ ಗಡಿಯಲ್ಲಿ ಸರಿದೂಗಿಸುವಿಕೆ. ತಯಾರಾದ ದೇಶದಲ್ಲೇ ಇಂಗಾಲದ ಬೆಲೆ ತೆತ್ತಿದ್ದರೆ ಅಷ್ಟನ್ನು ಕಳೆಯುತ್ತಾರೆ. ಬೆಳೆಯುತ್ತಿರುವ ದೇಶಗಳ ಆಕ್ಷೇಪವೂ ಹಗುರವಾದದ್ದಲ್ಲ. ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಉರುವಲಿನಿಂದ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ, ಯುರೋಪಿನ ಪಾಲೂ ದೊಡ್ಡದು. ಹಳೆಯ ಬಾಕಿಯನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ ಎಂದು ಅವು ಕೇಳುತ್ತಿವೆ.

ಆ ವಾದ ನಡೆಯುತ್ತಿರುವಾಗಲೇ ಉಕ್ಕು ತಯಾರಿಸುವವರ ಮುಂದೆ ದಿನನಿತ್ಯದ ಕೆಲಸವೊಂದು ಬಂದು ನಿಂತಿದೆ. ಕುಲುಮೆಗೆ ಎಷ್ಟು ಕಲ್ಲಿದ್ದಲು ಹೋಯಿತು, ಪ್ರತಿ ಟನ್ ಉಕ್ಕಿಗೆ ಎಷ್ಟು ಇಂಗಾಲ ಎಂದು ಅಳೆದು, ಅದನ್ನು ಸ್ವತಂತ್ರ ಪರಿಶೀಲಕರಿಂದ ದೃಢಪಡಿಸಿ ಕೊಡಬೇಕು. ಅಳತೆ ಇಲ್ಲದಿದ್ದರೆ ಅಂಕಣ ಖಾಲಿ ಉಳಿಯುವುದಿಲ್ಲ. ಆ ದೇಶದ, ಆ ಸರಕಿನ ಮಟ್ಟಿಗೆ ಮೊದಲೇ ಗೊತ್ತು ಮಾಡಿದ ಅಂದಾಜು ಅಂಕಿಯೊಂದನ್ನು, ಅದರ ಮೇಲೆ ಇನ್ನಷ್ಟು ಸೇರಿಸಿ, ಅಲ್ಲಿ ತುಂಬುತ್ತಾರೆ.